ಹತ್ತು ಲಕ್ಷ ಪುಸ್ತಕ, ಒಂದು ಜೇಬು

ಪಾಂಡವಪುರ ತಾಲ್ಲೂಕಿನ ಹರಳಹಳ್ಳಿಯಲ್ಲಿ ಅಂಕೇಗೌಡರ ಪುಸ್ತಕ ಮನೆಯಿದೆ. ಬಸ್ ಕಂಡಕ್ಟರಾಗಿ, ಆಮೇಲೆ ಸಕ್ಕರೆ ಕಾರ್ಖಾನೆಯ ನೌಕರರಾಗಿ ದುಡಿದವರು ಸಂಬಳದ ಬಹುಪಾಲನ್ನು ಪುಸ್ತಕಕ್ಕೇ ಸುರಿದರು. ಲಕ್ಷಗಟ್ಟಲೆ ಪುಸ್ತಕಗಳು ಅಲ್ಲಿ ಕಪಾಟು ತುಂಬಿ ನೆಲಕ್ಕೂ ಇಳಿದಿವೆ.

ಇಷ್ಟಕ್ಕೆ ಕಂಪ್ಯೂಟರಿನಲ್ಲಿ ಎಷ್ಟು ಜಾಗ ಬೇಕು? ಇನ್ನೂರು ಪುಟದ ಕನ್ನಡ ಪುಸ್ತಕದ ಬರಿ ಅಕ್ಷರಗಳನ್ನು ಯೂನಿಕೋಡಿನಲ್ಲಿ ಇಟ್ಟರೆ ಹೆಚ್ಚುಕಡಿಮೆ 1 ಎಂಬಿ. ಒಂದು ಟೆರಾಬೈಟ್ (ಟಿಬಿ) ಎಂದರೆ ಅಂಥ ಹತ್ತು ಲಕ್ಷ ಪುಸ್ತಕ! ಅಷ್ಟನ್ನು ಹಿಡಿಸುವ ಹಾರ್ಡ್ ಡಿಸ್ಕ್ ಇಂದು ಜೇಬಿನಲ್ಲಿ ಕೂರುತ್ತದೆ, ಕೆಲವು ಸಾವಿರ ರೂಪಾಯಿಗೆ ಸಿಗುತ್ತದೆ. 1956ರಲ್ಲಿ ಐಬಿಎಂ ತಂದ ಮೊದಲ ಡಿಸ್ಕಿನಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು, ತೂಕ ಸುಮಾರು ಒಂದು ಟನ್. ಹಿಡಿಸುತ್ತಿದ್ದುದು ಇಂಥ ಮೂರೋ ನಾಲ್ಕೋ ಪುಸ್ತಕ. 2007ರಲ್ಲಿ ಹಿಟಾಚಿಯ ಒಂದು ಟಿಬಿ ಡಿಸ್ಕ್ 399 ಡಾಲರಿಗೆ ಮಾರುಕಟ್ಟೆಗೆ ಬಂತು. ಕಾಂತದ ತೆಳುಪದರಗಳಲ್ಲಿ ವಿದ್ಯುತ್ತು ತೋರುವ ವಿಚಿತ್ರ ವರ್ತನೆಯನ್ನು 1988ರಲ್ಲಿ ಕಂಡ ಫೆರ್ಟ್ ಮತ್ತು ಗ್ರುನ್‌ಬರ್ಗ್ ಅವರಿಗೆ ನೊಬೆಲ್ ಸಂದದ್ದೂ 2007ರಲ್ಲೇ. ಡಿಸ್ಕಿನ ತಟ್ಟೆಯ ಮೇಲಿನ ತೀರಾ ಕ್ಷೀಣವಾದ ಕಾಂತದ ಗುರುತನ್ನೂ ಓದಬಲ್ಲ ಸೂಕ್ಷ್ಮ ಮುಳ್ಳು ಸಿಕ್ಕಿದ್ದು ಆ ಶೋಧದಿಂದ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ತಟ್ಟೆಯ ಮೇಲೆ ಆ ಮುಳ್ಳು ಕೆಲವೇ ನ್ಯಾನೊಮೀಟರ್ ಎತ್ತರದಲ್ಲಿ ತೇಲುತ್ತದೆ, ತಾಗುವುದಿಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಆದರೆ ನನ್ನ ಮನಸ್ಸು ಹೆಚ್ಚು ಹೊತ್ತು ನಿಲ್ಲುವುದು ಪ್ರತಿ ಮಾಡುವ ಸುಲಭದಲ್ಲಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಟಿಪ್ಪುವಿನ ಗ್ರಂಥಾಲಯದ ಹಸ್ತಪ್ರತಿಗಳು ಕೋಲ್ಕತ್ತಕ್ಕೂ ಇಂಗ್ಲೆಂಡಿಗೂ ಚದುರಿಹೋದವು. ಆಗ ಒಂದು ಗ್ರಂಥದ ಇನ್ನೊಂದು ಪ್ರತಿಯೆಂದರೆ ಲಿಪಿಕಾರನೊಬ್ಬ ಕೂತು ದಿನಗಟ್ಟಲೆ ಬರೆಯಬೇಕಿತ್ತು. ಈಗ ಕೆ.ಆರ್. ಪೇಟೆಯ ಹೊಸಹೊಳಲಿನ ಶಾಸನಗಳಿರಲಿ, ನಾಗಮಂಗಲದವಿರಲಿ, ಈ ಸೀಮೆಯ ಕಲ್ಲುಬರಹದ ಪಾಠವೆಲ್ಲ ಒಂದು ಟಿಬಿ ಡಿಸ್ಕಿನ ಒಂದು ಮೂಲೆಯನ್ನೂ ತುಂಬಲಾರದು. ನಕಲಿಗೆ ಕ್ಷಣಗಳು ಸಾಕು.

ಜಾಗ ಅಗ್ಗವಾಯಿತು, ಆರಿಸಿ ಕೂಡಿಡುವ ಮನುಷ್ಯ ಅಗ್ಗವಾಗಲಿಲ್ಲ. ಅಂಕೇಗೌಡರು ತೆತ್ತ ಆಯುಷ್ಯವನ್ನು ಯಾವ ಡಿಸ್ಕೂ ಉಳಿಸಿಕೊಡದು. ಬಾಳಿಕೆಯ ಮಾತೂ ಹಾಗೆಯೇ: ಶಾಸನದ ಕಲ್ಲು ಎಂಟುನೂರು ವರ್ಷ ಮಳೆಬಿಸಿಲಿಗೆ ನಿಂತಿದೆ; ಡಿಸ್ಕು ಕೆಲವೇ ವರ್ಷಗಳಲ್ಲಿ ಕೆಡಬಹುದು, ಅದೂ ಮುನ್ಸೂಚನೆಯಿಲ್ಲದೆ.

ಹಾಗಾಗಿ ಒಂದು ಬಿನ್ನಹ. ನಿಮ್ಮೂರಿನ ಹಿರಿಯರು ಹಾಡುವ ಸೋಬಾನೆ ಪದಗಳನ್ನು, ಅಟ್ಟದ ಮೇಲಿನ ಹಳೆಯ ಕಡತಗಳನ್ನು ಈ ವರ್ಷವೇ ದಾಖಲಿಸಿ. ಎರಡು ಡಿಸ್ಕಿಗೆ ಹಾಕಿ, ಒಂದನ್ನು ಬೇರೆ ಮನೆಯಲ್ಲಿಡಿ.