ಬಸಿದ ನೀರು ಎಲ್ಲಿ ಹೋಯಿತು?

ಪಥ್ಯಾಹಾರ ಚಿಕಿತ್ಸೆಯನ್ನು ಕೇಸ್ ಸ್ಟಡಿಗಳ ಮೂಲಕ ಕಲಿಸಬೇಕು ಎಂಬುದಕ್ಕೆ ನನ್ನ ತಕರಾರಿಲ್ಲ. ತಕರಾರಿರುವುದು ಕೇಸ್ ಬರೆಯುವ ರೀತಿಗೆ. ವಯಸ್ಸು, ತೂಕ, ರಕ್ತಪರೀಕ್ಷೆ, ನಿನ್ನೆ ತಿಂದದ್ದರ ಪಟ್ಟಿ ಎಲ್ಲವನ್ನೂ ಹೆಕ್ಕಿ ಜೋಡಿಸಿಟ್ಟಿರುತ್ತಾರೆ. ಯಾವುದು ಮುಖ್ಯ ಎಂದು ಹುಡುಕುವ ಕಷ್ಟದ ಕೆಲಸವನ್ನು ಬರೆದವರೇ ಮುಗಿಸಿರುವುದರಿಂದ ವಿದ್ಯಾರ್ಥಿಗೆ ಉಳಿಯುವುದು ಬರೀ ಲೆಕ್ಕ.

ಒಂದು ಕೇಸನ್ನು ನಾವೇ ಕಟ್ಟೋಣ. ಅರಸೀಕೆರೆ ಕಡೆಯ ತೆಂಗು ಬೆಳೆಗಾರರು, ಅರವತ್ತರ ಆಸುಪಾಸು, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಸೋತಿದೆ. ಐದರ ಆಸುಪಾಸಿನಲ್ಲಿ ನಿಲ್ಲಬೇಕಿದ್ದ ಪೊಟ್ಯಾಸಿಯಂ 5.9ಕ್ಕೇರಿದೆ. ಇನ್ನೂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಎಳನೀರು ಬಿಡಿ ಅಂದರು, ಬಿಟ್ಟರು. ಸೊಪ್ಪು, ತರಕಾರಿಯನ್ನು ಜಾಸ್ತಿ ನೀರಲ್ಲಿ ಬೇಯಿಸಿ, ಬಸಿದು ತಿನ್ನಿ ಅಂದರು. ಪೊಟ್ಯಾಸಿಯಂ ನೀರಿಗಿಳಿಯುತ್ತದೆ, ಸಲಹೆ ಸರಿಯಾದದ್ದೇ. ಮನೆಯಾಕೆ ಹಾಗೇ ಮಾಡಿದರು. ತಿಂಗಳು ಕಳೆದರೂ ಅಂಕಿ ಇಳಿಯಲಿಲ್ಲ. ‘ಪಥ್ಯ ಪಾಲಿಸುತ್ತಿಲ್ಲ’ ಎಂದು ಫೈಲಿನಲ್ಲಿ ಷರಾ ಬಿತ್ತು.

ಪಾಲಿಸಿದ್ದರು. ಆದರೆ ಈ ಸೀಮೆಯಲ್ಲಿ ಸೊಪ್ಪು, ಕಾಳು ಬಸಿದ ನೀರನ್ನು ಯಾರೂ ಚೆಲ್ಲುವುದಿಲ್ಲ. ಅದಕ್ಕೇ ಖಾರ ಅರೆದು ಹಾಕಿ ಕುದಿಸಿದರೆ ಬಸ್ಸಾರು, ಬಸಿದ ಸೊಪ್ಪಿಗೆ ಒಗ್ಗರಣೆ ಕೊಟ್ಟರೆ ಪಲ್ಯ. ಎರಡೂ ಮುದ್ದೆಯ ಜೊತೆ ಒಂದೇ ತಟ್ಟೆಗೆ ಬರುತ್ತವೆ. ಚೀಟಿಯಲ್ಲಿದ್ದಂತೆಯೇ ನಡೆಯಿತು, ಪೊಟ್ಯಾಸಿಯಂ ಮಾತ್ರ ಮನೆ ಬಿಟ್ಟು ಹೋಗಲಿಲ್ಲ.

ಆಹಾರದ ಒಳಿತು ಕೆಡುಕನ್ನು ನಿರ್ಧರಿಸುವ ಎಂಟು ಸಂಗತಿಗಳನ್ನು ಚರಕಸಂಹಿತೆಯ ವಿಮಾನಸ್ಥಾನ ಎಣಿಸುತ್ತದೆ. ಪದಾರ್ಥದ ಸ್ವಭಾವ ಅದರಲ್ಲಿ ಒಂದು ಮಾತ್ರ; ಅಡುಗೆಯ ಸಂಸ್ಕಾರ, ದೇಶ, ಕಾಲ, ಕೊನೆಗೆ ಉಣ್ಣುವವರೂ ಆ ಲೆಕ್ಕಕ್ಕೆ ಸೇರಿದ್ದಾರೆ. ಚರಕನಿಗೆ ಪೊಟ್ಯಾಸಿಯಂ ಗೊತ್ತಿರಲಿಲ್ಲ ನಿಜ. ನಮ್ಮ ಕೇಸುಗಳಿಗೆ ಉಳಿದ ಏಳು ಗೊತ್ತಿಲ್ಲ.

ಹಾಗಾದರೆ ಒಬ್ಬೊಬ್ಬ ರೋಗಿಗೂ ಒಂದೊಂದು ಶಾಸ್ತ್ರವೇ ಎಂದು ಕೇಳಬಹುದು. ಅಲ್ಲ. ಕಿಡ್ನಿಯ ಕೆಲಸ ಎಲ್ಲ ಊರಲ್ಲೂ ಒಂದೇ; ಆ ನಿಯಮ ತಿಳಿಯದವರಿಗೆ ಬಸ್ಸಾರು ಕಣ್ಣೆದುರಿಗಿದ್ದರೂ ಅದೊಂದು ಸುಳಿವು ಅನ್ನಿಸುವುದಿಲ್ಲ. ಅಪಾಯ ಇನ್ನೊಂದು ಕಡೆ ಇದೆ. ಈ ಕೇಸ್ ಓದಿದವರು ಬೇಲೂರಿಗೆ ಹೋಗಿ, ಅಕ್ಕಿರೊಟ್ಟಿ ತಿನ್ನುವ ಕಾಫಿ ತೋಟದ ಮನೆಯಲ್ಲೂ ಬಸ್ಸಾರನ್ನೇ ಹುಡುಕಿಯಾರು. ಅಲ್ಲಿ ಬಿಪಿಗೆ ಒಳ್ಳೆಯದೆಂದು ತಂದ ಲೋ ಸೋಡಿಯಂ ಉಪ್ಪಿನ ಪ್ಯಾಕೆಟ್ಟೇ ಕಾರಣವಿರಬಹುದು, ಅದರಲ್ಲಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆತಿರುತ್ತದೆ. ಬಿಪಿಯ ಕೆಲವು ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಹಳೇಬೀಡಿನ ಕಡೆ ಹೋದರೆ ಆಲೂಗೆಡ್ಡೆಯನ್ನು ಮರೆಯುವಂತಿಲ್ಲ.

ಕೇಸಿಗೆ ಮುಕ್ತಾಯ ಬರೆಯುವ ಚಾಳಿಯೂ ಬಿಡಬೇಕು. ನಮ್ಮ ಬೆಳೆಗಾರರಿಗೆ ಆರು ತಿಂಗಳ ಮೇಲೆ ಡಯಾಲಿಸಿಸ್ ಶುರುವಾಯಿತು ಅನ್ನಿ. ಅಲ್ಲಿಯವರೆಗೆ ಕೆ.ಜಿ. ತೂಕಕ್ಕೆ 0.6ರಿಂದ 0.8 ಗ್ರಾಂ ಪ್ರೋಟೀನ್ ಸಾಕು ಎಂದವರು ಈಗ 1ರಿಂದ 1.2 ಗ್ರಾಂ ಬೇಕು ಎನ್ನಬೇಕು. ಕಾಳು ಹೆಚ್ಚಿಸಿದರೆ ಪೊಟ್ಯಾಸಿಯಂ, ರಂಜಕವೂ ಹೆಚ್ಚುತ್ತವೆ. ಮೊಟ್ಟೆಯ ಬಿಳಿ ಕೊಡಿ ಎನ್ನುತ್ತದೆ ಪುಸ್ತಕ. ಮೊಟ್ಟೆ ಹೊಸ್ತಿಲು ದಾಟದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಪನೀರ್ ಎಂದರೆ, ಕೊಬ್ಬರಿ ದರ ಬಿದ್ದ ವರ್ಷ ಅದನ್ನು ಯಾವ ದುಡ್ಡಿನಲ್ಲಿ ತರುತ್ತೀರಿ ಎಂದು ಮೊದಲು ಮನೆಯಾಕೆಯನ್ನು ಕೇಳಬೇಕಾಗುತ್ತದೆ.