‘ಸಾರಿ’ ಎಂದ ಮೇಲೆ

ದಿನಕ್ಕೆ ಎಷ್ಟು ಸಾರಿ ‘ಸಾರಿ’ ಎನ್ನುತ್ತೇನೆಂದು ಮೊನ್ನೆ ಲೆಕ್ಕವಿಡಲು ಹೊರಟೆ. ಬಸ್ಸಿನಲ್ಲಿ ಯಾರದೋ ಕಾಲು ತುಳಿದಾಗ ಒಂದು. ಫೋನಿನಲ್ಲಿ ಮಾತು ಸರಿಯಾಗಿ ಕೇಳಿಸದಿದ್ದಾಗ ಇನ್ನೊಂದು. ಚಂದಾ ಕೇಳಲು ಬಂದವರನ್ನು ಸಾಗಹಾಕುವಾಗ ಮತ್ತೊಂದು. ಮಧ್ಯಾಹ್ನದ ಹೊತ್ತಿಗೆ ಲೆಕ್ಕವೇ ತಪ್ಪಿತು. ಇವುಗಳಲ್ಲಿ ಒಂದಕ್ಕಾದರೂ ಮನಸ್ಸು ನೊಂದಿತ್ತೇ ಎಂದು ಕೇಳಿಕೊಂಡರೆ, ಇಲ್ಲವೆಂದೇ ಹೇಳಬೇಕು.

ಆದರೆ ಈ ಪದ ಹುಟ್ಟಿದ್ದು ನೋವಿನಿಂದಲೇ. ಹಳೆಯ ಇಂಗ್ಲಿಷಿನಲ್ಲಿ ‘ಸಾರ್’ ಎಂದರೆ ನೋವು. ‘ಸಾರಿಗ್’ ಎಂದರೆ ನೊಂದವನು. ದುಃಖವೆಂಬ ಅರ್ಥದ ‘ಸಾರೋ’ವಿಗೂ ಇದಕ್ಕೂ ಹೋಲಿಕೆಯುಂಟೇ ಹೊರತು ಬೇರು ಒಂದಲ್ಲ. ಇಂದು ಸಾವಿನ ಮನೆಯ ಸಂತಾಪಕ್ಕೂ ತಪ್ಪೊಪ್ಪಿಗೆಗೂ ಇಂಗ್ಲಿಷಿನವರಿಗೆ ಇದೊಂದೇ ಮಾತು. ಜಾರಿಕೊಳ್ಳಲು ದಾರಿ ಇರುವುದೂ ಅಲ್ಲಿಯೇ. ‘ನನಗೆ ನೋವಾಗಿದೆ’ ಎಂದವನು ‘ನೋವು ಮಾಡಿದವನು ನಾನೇ’ ಎಂದು ಒಪ್ಪಿಕೊಂಡಂತಾಗಲಿಲ್ಲವಷ್ಟೆ!

ನಮ್ಮ ಬಾಯಲ್ಲಿ ಇಷ್ಟು ಹಗುರವಾದ ಈ ಪದಕ್ಕಾಗಿ ಆಸ್ಟ್ರೇಲಿಯಾದಲ್ಲಿ ವರ್ಷಗಟ್ಟಲೆ ವಾದ ನಡೆಯಿತು. ಅಲ್ಲಿನ ಮೂಲನಿವಾಸಿಗಳ ಮಕ್ಕಳನ್ನು ಸರ್ಕಾರಗಳು ದಶಕಗಳ ಕಾಲ ತಾಯ್ತಂದೆಯರಿಂದ ಅಗಲಿಸಿದ್ದವು. 1999ರಲ್ಲಿ ಪ್ರಧಾನಿ ಜಾನ್ ಹೋವರ್ಡ್ ಪಾರ್ಲಿಮೆಂಟಿನಲ್ಲಿ ಮಂಡಿಸಿದ ನಿರ್ಣಯದಲ್ಲಿ ಆಳವಾದ ವಿಷಾದವಿತ್ತು, ‘ಸಾರಿ’ ಇರಲಿಲ್ಲ. ಹಿಂದಿನವರು ಮಾಡಿದ್ದಕ್ಕೆ ಇಂದಿನವರು ಹೊಣೆಯಲ್ಲ ಎಂಬುದು ಅವರ ವಾದ. 2008ರ ಫೆಬ್ರವರಿ 13ರಂದು ಕೆವಿನ್ ರಡ್ ಆ ಪದವನ್ನು ಸಭೆಯಲ್ಲಿ ನುಡಿದರು. ಆದರೆ ಪರಿಹಾರದ ಹಣಕ್ಕೆ ಅವರೂ ಒಪ್ಪಲಿಲ್ಲ. ಕೇಂದ್ರ ಸರ್ಕಾರ ತನ್ನ ನೇರ ಆಡಳಿತದಲ್ಲಿದ್ದ ಪ್ರದೇಶಗಳ ಸಂತ್ರಸ್ತರಿಗೆ ಪರಿಹಾರ ಘೋಷಿಸಿದ್ದು 2021ರಲ್ಲಿ. ಮಾತಿಗೂ ಕೆಲಸಕ್ಕೂ ನಡುವೆ ಹದಿಮೂರು ವರ್ಷ!

ದೂರದ ದೇಶವನ್ನು ದೂರುವುದು ಸುಲಭ. ನನ್ನ ಸಂಗತಿಯನ್ನೂ ಹೇಳಿಬಿಡುತ್ತೇನೆ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ಐನೂರು ರೂಪಾಯಿನ ನೋಟೊಂದು ಕಾಣೆಯಾಯಿತು. ಕೆಲಸದಾಕೆಯನ್ನು ಕೇಳಿದೆ; ಕೇಳಿದ ದನಿಯಲ್ಲೇ ತೀರ್ಪಿತ್ತು. ಪಕ್ಕದ ಮನೆಯವರ ಮುಂದೆಯೂ ನನ್ನ ಅನುಮಾನವನ್ನು ಆಡಿದೆ. ವಾರದ ಮೇಲೆ ನೋಟು ಪಂಚಾಂಗದೊಳಗೆ ಸಿಕ್ಕಿತು. ಇಟ್ಟವನು ನಾನೇ. “ಸಾರಿ ಕಣಮ್ಮ” ಎಂದೆ. “ಇರ್ಲಿ ಬುಡಿ ಸ್ವಾಮಿ” ಎಂದು ಆಕೆ ಪಾತ್ರೆ ತಿಕ್ಕತೊಡಗಿದಳು. ಲೆಕ್ಕ ಚುಕ್ತವಾಯಿತೆಂದು ನಾನು ಕಾಫಿ ಕುಡಿದೆ.

ತಿಂಗಳೊಳಗೆ ಪಕ್ಕದ ಮನೆಯವರು ಆಕೆಯನ್ನು ಬಿಡಿಸಿದರು. ನನ್ನ ‘ಸಾರಿ’ ನಮ್ಮ ಅಡಿಗೆಮನೆಯ ಹೊಸಲು ದಾಟಿರಲಿಲ್ಲ. ನನ್ನ ಅನುಮಾನ ಮಾತ್ರ ದಾಟಿತ್ತು. ಓಡಿಹೋಗಿ ನಿಜ ಹೇಳಿದೆ. ಆ ವೇಳೆಗೆ ಅಲ್ಲಿ ಬೇರೊಬ್ಬಾಕೆ ನೆಲ ಒರೆಸುತ್ತಿದ್ದಳು.

ಕನ್ನಡದಲ್ಲಿ ‘ತಪ್ಪಾಯಿತು’ ಎಂದಿದ್ದರೆ ಬೇರೆಯಾಗುತ್ತಿತ್ತೇ? ನನಗೆ ಸಂಶಯ. ತಪ್ಪು ತಾನಾಗಿಯೇ ಆಯಿತೆಂಬಂತೆ, ಮಾಡಿದವನ ಹೆಸರೇ ಇಲ್ಲದ ಮಾತು ಅದು. ಯಾವ ಭಾಷೆಯಾದರೂ ನಮ್ಮ ಪರವಾಗಿ ನಾಲ್ಕು ಹೆಜ್ಜೆ ನಡೆದುಹೋಗಿ ಪಕ್ಕದ ಮನೆಯ ಬಾಗಿಲು ತಟ್ಟಲಾರದು. ನೊಂದವರ ಮುಂದೆ ನುಡಿದರೆ ಅರ್ಧ. ಯಾರ ಮುಂದೆ ಅವರ ಹೆಸರು ಕೆಡಿಸಿದೆವೋ ಅವರ ಮುಂದೆ ನಮ್ಮ ಹೆಸರನ್ನು ಕೆಡಿಸಿಕೊಂಡಾಗಲೇ ಉಳಿದರ್ಧ.

ಈಗಲೂ ಬಸ್ಸಿನಲ್ಲಿ ಕಾಲು ತುಳಿದರೆ ‘ಸಾರಿ’ ಎನ್ನುತ್ತೇನೆ. ಅಲ್ಲಿಗೆ ಅಷ್ಟು ಸಾಕು. ಕಾಲನ್ನು ಮಾತ್ರ ಮೊದಲು ಎತ್ತುತ್ತೇನೆ.