ವಿಧಿಯ ಪೀಠದಲ್ಲಿ ವಿನೋದ

ಸಭೆಯಲ್ಲಿ ಶೋಭಿಸುವ ಚಾಟೂಕ್ತಿಯು ಕ್ರಯಪತ್ರದೊಳಗೆ ಸೇರಿದರೆ ಏನಾದೀತು? ಗಣಕಯಂತ್ರಗಳ ಲೋಕದಲ್ಲಿ ನಡೆದ ಒಂದು ಪ್ರಸಂಗವು ಇದಕ್ಕೆ ನಿದರ್ಶನವಾಗಿದೆ.

ಯಂತ್ರಕ್ಕೆ ಕೆಲಸವನ್ನು ವಿಧಿಸುವ ಆದೇಶಗಳ ಸಮೂಹಕ್ಕೆ ತಂತ್ರಾಂಶವೆಂದು ಹೆಸರು. ಕರ್ತೃವು ಅದನ್ನು ಪರರಿಗೆ ಕೊಡುವಾಗ ಒಂದು ಅನುಮತಿಪತ್ರವನ್ನೂ ಜತೆಗಿಡುವನು. ಅಮೆರಿಕದ ಡಗ್ಲಸ್ ಕ್ರಾಕ್‌ಫರ್ಡ್ ಎಂಬವರು 2002ರಲ್ಲಿ ತಮ್ಮ ಜೇಸನ್ ತಂತ್ರಾಂಶದ ಪತ್ರದಲ್ಲಿ, ಇದನ್ನು ಒಳಿತಿಗೆ ಬಳಸತಕ್ಕದ್ದು, ಕೆಡುಕಿಗಲ್ಲ ಎಂಬರ್ಥದ ಒಂದು ವಾಕ್ಯವನ್ನು ಸೇರಿಸಿದರು. ಮಿಕ್ಕುದೆಲ್ಲವೂ ಉದಾರವಾದ ಅನುಮತಿಯೇ. ಓದಿದವರು ನಕ್ಕರು, ನಗಲಾರದವರು ಡೆಬಿಯನ್ ಸಂಘದವರು. ಸಾವಿರಾರು ತಂತ್ರಾಂಶಗಳನ್ನು ಸಂಗ್ರಹಿಸಿ, ಕಟ್ಟುಗಳನ್ನಾಗಿ ಮಾಡಿ, ಲೋಕಕ್ಕೆಲ್ಲ ಹಂಚುವುದು ಅವರ ವ್ರತ. ಯಾವ ಉದ್ಯೋಗಕ್ಕಾದರೂ ಬಳಸುವ ಸ್ವಾತಂತ್ರ್ಯವಿರಬೇಕೆಂದು 1997ರಲ್ಲಿಯೇ ಅವರು ನಿಯಮವನ್ನು ಮಾಡಿಕೊಂಡಿದ್ದರು. ಆದುದರಿಂದ ಇದು ಸ್ವತಂತ್ರ ತಂತ್ರಾಂಶವಲ್ಲವೆಂದು ನಿರ್ಣಯಿಸಿದರು. 2016ರಲ್ಲಿ ಅಪಾಚೆ ಪ್ರತಿಷ್ಠಾನವೂ ಈ ಪತ್ರಕ್ಕೆ ಬಾಗಿಲನ್ನು ಮುಚ್ಚಿತು.

ಇದನ್ನು ಶುಷ್ಕಪಾಂಡಿತ್ಯವೆಂದು ತಳ್ಳಿಹಾಕುವುದು ಸುಲಭ. ಆದರೆ ನಮ್ಮ ಮೀಮಾಂಸಕರು ವಿಧಿಯನ್ನೂ ಅರ್ಥವಾದವನ್ನೂ ಬೇರೆಬೇರೆಯಾಗಿ ಕಂಡದ್ದು ವ್ಯರ್ಥವಲ್ಲ. ಒಂದು ಬಂಧಿಸುತ್ತದೆ, ಇನ್ನೊಂದು ಹೊಗಳಿ ಪ್ರೇರಿಸುತ್ತದೆ. ಡೆನ್ಮಾರ್ಕಿನ ಪೌಲ್-ಹೆನ್ನಿಂಗ್ ಕಾಂಪ್ ಎಂಬವರು, ಕೃತಿಯು ಮೆಚ್ಚಿಗೆಯಾದರೆ ಎಂದಾದರೂ ಭೇಟಿಯಾದಾಗ ಬಿಯರ್ ಕೊಡಿಸಬಹುದೆಂದು ಬರೆದರು. ಪಾನೀಯದ ಆಯ್ಕೆ ಹೇಗಾದರೂ ಇರಲಿ, ‘ಬಹುದು’ ಎಂಬಲ್ಲಿ ಬಂಧನವಿಲ್ಲ. ಅಂಥ ಕೃತಿಗಳಿಗೆ ಡೆಬಿಯನ್ ಭಂಡಾರದಲ್ಲಿ ಸ್ಥಳವುಂಟು. ಕ್ರಾಕ್‌ಫರ್ಡರದು ‘ತಕ್ಕದ್ದು’.

ಕೆಡುಕೆಂದರೇನು? ಒಬ್ಬನಿಗೆ ಪಾಪವೆನಿಸಿದ ಯುದ್ಧವು ಮತ್ತೊಬ್ಬನಿಗೆ ಸ್ವಧರ್ಮ. ಹೆಂಡದಂಗಡಿಯವನು ಲೆಕ್ಕವಿಡಲು ಇದನ್ನು ಬಳಸಬಹುದೆ? ತೀರ್ಪು ಕೊಡತಕ್ಕವರು ಯಾರು? ಕೆಡುಕನು ಪತ್ರವನ್ನು ಓದುವುದೇ ಇಲ್ಲ. ಓದಿ, ಅಂಜಿ, ಹಿಂದೆಗೆಯುವವನು ಕೊಟ್ಟ ಮಾತಿಗೆ ತಪ್ಪಲಾರದವನು. ದುಷ್ಟನಿಗಾಗಿ ಹಾಕಿದ ಬೇಲಿಯು ಸಜ್ಜನನ ಕಾಲಿಗೇ ತೊಡರುವುದೆಂಬುದು ಹಾಸ್ಯವಲ್ಲ.

ಇದೇ ವಾಕ್ಯವಿದ್ದ ಅವರ ಇನ್ನೊಂದು ಕೃತಿಯನ್ನು ಬಳಸಲು ಐ. ಬಿ. ಎಂ. ಕಂಪೆನಿಯ ವಕೀಲರು ಬೇರೆ ಅನುಮತಿಯನ್ನು ಬೇಡಿದರಂತೆ: ತಾವೇನೋ ಕೆಡುಕು ಮಾಡುವವರಲ್ಲ, ಗಿರಾಕಿಗಳ ಹೊಣೆಯನ್ನು ಹೊರುವುದೆಂತು? ಕಂಪೆನಿಗೂ ಅದರ ಗಿರಾಕಿಗಳಿಗೂ ಪಾಲುಗಾರರಿಗೂ ಬಂಟರಿಗೂ ಕೆಡುಕು ಮಾಡಲು ಅನುಮತಿಯುಂಟೆಂದು ತಾವು ಉತ್ತರವಿತ್ತುದಾಗಿ ಕ್ರಾಕ್‌ಫರ್ಡರೇ ಉಪನ್ಯಾಸದಲ್ಲಿ ಹೇಳಿ ಸಭೆಯನ್ನು ನಗಿಸಿದರು. ಒಳ್ಳೆಯ ಉತ್ತರವೇ. ಆದರೆ ವಕೀಲರಿಲ್ಲದ ಬಡ ಹಂಚಿಕೆದಾರನಿಗೆ ಅಂಥ ಪತ್ರವು ದೊರೆಯುವುದೆಲ್ಲಿಂದ?

2022ರಲ್ಲಿ ಜಾವಾ ಭಾಷೆಯ ಜೇಸನ್ ತಂತ್ರಾಂಶವು ಸಾರ್ವಜನಿಕ ಸ್ವತ್ತಾಯಿತು. ಆ ವಾಕ್ಯವೂ ಅಲ್ಲಿಂದ ತೊಲಗಿತು. ಅಷ್ಟರೊಳಗೆ ಅದೊಂದು ಸಾಲಿಗೆ ಅಂಜಿದವರು ಅದೇ ಕೆಲಸಕ್ಕೆ ಬೇರೆ ತಂತ್ರಾಂಶಗಳನ್ನು ಮೊದಲಿನಿಂದ ಬರೆದುಕೊಂಡಾಗಿತ್ತು.